ವೆಂಕಟಪ್ಪ ಗ್ಯಾಲರಿ: ಈ ಗೋಡೆ ಯಾರದ್ದು?

ಭಾಗ 1
ಕಸ್ತೂರಬಾ ರಸ್ತೆಯಲ್ಲಿ ಬಸ್ಸಲ್ಲಿ ಹೋಗೋವಾಗ ಆ ಕೆಂಪು ಕಟ್ಟಡ ನಾವೆಲ್ಲ ನೋಡಿರ್ತೀವಿ. ಒಳಗೆ ಹೋದವರು ಎಷ್ಟು ಜನ? ನಿಜ ಹೇಳಿ. ನಾನೂ ಮೊನ್ನೆ ಮೊನ್ನೆವರೆಗೆ ಹೋಗಿರಲಿಲ್ಲ. ಅದು ಸರ್ಕಾರಿ ವಸ್ತುಸಂಗ್ರಹಾಲಯ. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. ಇವತ್ತಿನ ಕಥೆ ಇವೆರಡರದ್ದು.

ಭಾಗ 2
ಮ್ಯೂಸಿಯಂ ರೋಡಲ್ಲಿ ಮ್ಯೂಸಿಯಂ ಯಾಕಿಲ್ಲ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಮೊದಲು ಅಲ್ಲೇ ಇತ್ತು! 1865ರಲ್ಲಿ, ಬೌರಿಂಗ್ ಇಲ್ಲಿ ಚೀಫ್ ಕಮಿಷನರ್ ಆಗಿದ್ದಾಗ ಶುರುವಾಯ್ತು. ಅದರ ಹಿಂದೆ ಇದ್ದವರು ವೈದ್ಯ ಎಡ್ವರ್ಡ್ ಬಾಲ್ಫರ್. ಮದ್ರಾಸಿನ ಮ್ಯೂಸಿಯಂ ಕಟ್ಟಿದವರೂ ಅವರೇ. ಈಗಿನ ಕೆಂಪು ಕಟ್ಟಡ ಬಂದದ್ದು 1877ರಲ್ಲಿ, ರಿಚರ್ಡ್ ಸ್ಯಾಂಕಿ ಕಾಲದಲ್ಲಿ. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿನೇ.

ಭಾಗ 3
ಒಳಗೆ ನನ್ನನ್ನ ತುಂಬಾ ಹೊತ್ತು ನಿಲ್ಲಿಸಿದ್ದು ಆತಕೂರಿನ ಕಲ್ಲು. ಇಸವಿ 949ರದ್ದು, ಮಂಡ್ಯ ಕಡೆಯದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಅಂದಾಗ, ಆತ ಊರು, ಹೊನ್ನು ಬಿಟ್ಟು 'ಕಾಳಿ' ಅನ್ನೋ ನಾಯಿ ಕೇಳಿದನಂತೆ. ಕಾಳಿ ಕಾಡುಹಂದಿ ಜೊತೆ ಕಾದಾಡಿ, ಎರಡೂ ಸತ್ತವು. ಆ ನಾಯಿಗೆ ನೆಟ್ಟ ಕಲ್ಲು ಇದು. ರಾಜರ ಯುದ್ಧದ ಸುದ್ದಿಯೂ ಅದರಲ್ಲೇ ಇದೆ. ಆದ್ರೆ ಮನಸ್ಸಲ್ಲಿ ಉಳಿಯೋದು ನಾಯಿ.

ಭಾಗ 4
ಈಗ ಪಕ್ಕದ ಕಟ್ಟಡಕ್ಕೆ ಬನ್ನಿ. ಕೆ. ವೆಂಕಟಪ್ಪ (1886–1965) ಮೈಸೂರಿನ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಊಟಿ, ಕೊಡೈಕೆನಾಲ್‌ನ ಮಂಜನ್ನ ಜಲವರ್ಣದಲ್ಲಿ ಹಿಡಿದವರು. ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತರು. ಮದುವೆ ಆಗಲಿಲ್ಲ, ಬದುಕೆಲ್ಲ ಕಲೆಗೇ ಹೋಯ್ತು. ಅವರು ತೀರಿಕೊಂಡ ಮೇಲೆ ಕೃತಿಗಳು ಚದುರಿ ಹೋಗಬಾರದು ಅಂತ, 1970ರ ದಶಕದಲ್ಲಿ ಈ ಚಿತ್ರಶಾಲೆ ಬಂತು.

ಭಾಗ 5
ಇಲ್ಲಿ ಅವರ ಚಿತ್ರಗಳಷ್ಟೇ ಇದ್ದಿದ್ರೆ ಇದೂ ಒಂದು ಸ್ಮಾರಕ ಆಗ್ತಿತ್ತು. ಆದ್ರೆ ಕಡಿಮೆ ಬಾಡಿಗೆಗೆ ಯಾರು ಬೇಕಾದ್ರೂ ಪ್ರದರ್ಶನ ಮಾಡೋ ಹಾಲ್‌ಗಳೂ ಇದ್ದವು. ಖಾಸಗಿ ಗ್ಯಾಲರಿಯ ಬಾಗಿಲು ತಟ್ಟೋಕೆ ಹಣವೂ ಪರಿಚಯವೂ ಇಲ್ಲದ ಹುಡುಗ ಹುಡುಗಿಯರಿಗೆ ಇದೇ ಮೊದಲ ಗೋಡೆ. ಬೇರೆ ಊರಿಂದ ಚಿತ್ರಗಳನ್ನ ಕಟ್ಟಿಕೊಂಡು ಬಂದವರಿಗೂ ಅಷ್ಟೇ.

ಭಾಗ 6
ಅದಕ್ಕೇ ಈ ಜಾಗದ ನಿರ್ವಹಣೆಯನ್ನ ಒಂದು ಖಾಸಗಿ ಪ್ರತಿಷ್ಠಾನಕ್ಕೆ ಕೊಡೋ ಒಪ್ಪಂದ ಆದಾಗ ಕಲಾವಿದರು ಸುಮ್ಮನಿರಲಿಲ್ಲ. 2016ರಲ್ಲಿ ಚಿತ್ರಶಾಲೆ ಮುಂದೆಯೇ ಸೇರಿದರು. ಪ್ರತಿಭಟನೆಯೇ ಕಲಾ ಕಾರ್ಯಕ್ರಮ ಆಯ್ತು. ಹಿರಿಯರು, ವಿದ್ಯಾರ್ಥಿಗಳು ಒಟ್ಟಿಗೆ ನಿಂತರು. ಅವರ ಪ್ರಶ್ನೆ ಒಂದೇ: ನಾಳೆ ಈ ಗೋಡೆ ಯಾರಿಗೆ ಸಿಗುತ್ತೆ ಅಂತ ತೀರ್ಮಾನ ಮಾಡೋದು ಯಾರು?

ಭಾಗ 7
ಬಿಕಾಂ ಓದೋ ನನಗೆ ಇನ್ನೊಂದು ಕಡೆಯ ವಾದವೂ ಅರ್ಥ ಆಗುತ್ತೆ. ಕಟ್ಟಡ ರಿಪೇರಿಗೆ, ಬೆಳಕಿಗೆ, ಕಾವಲಿಗೆ ದುಡ್ಡು ಬೇಕು. ಅದು ಎಲ್ಲಿಂದಾದ್ರೂ ಬರಲೇಬೇಕು. ಆದ್ರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಬಾಡಿಗೆ ಎಷ್ಟು ಬಂತು ಅನ್ನೋದಕ್ಕೆ ಕಾಲಂ ಇದೆ. ಒಬ್ಬ ಹುಡುಗಿ ಮೊದಲ ಸಲ ತನ್ನ ಚಿತ್ರ ತೂಗುಹಾಕಿದಾಗ ಅವಳ ಅಪ್ಪ ಅಮ್ಮ ಬಂದು ನೋಡಿದ್ದಕ್ಕೆ ಕಾಲಂ ಇಲ್ಲ. ದುಡ್ಡು ಯಾರೇ ಹಾಕಲಿ, ಬಾಗಿಲ ಕೀಲಿ ಜನರ ಕೈಲೇ ಇರಬೇಕು ಅನ್ನೋದು ನನ್ನ ಅನಿಸಿಕೆ.

ಮುಂದಿನ ಸಲ ಕಬ್ಬನ್ ಪಾರ್ಕಿಗೆ ರೀಲ್ಸ್ ಮಾಡೋಕೆ ಹೋದಾಗ ರಸ್ತೆ ಕಡೆ ನಾಲ್ಕು ಹೆಜ್ಜೆ ಜಾಸ್ತಿ ಹಾಕಿ. ಕಾಳಿಯನ್ನ ನೋಡಿ, ವೆಂಕಟಪ್ಪನವರ ಊಟಿ ನೋಡಿ. ಜನ ಬರ್ತಿರೋ ಜಾಗವನ್ನ ಯಾರಿಗಾದ್ರೂ ಸುಮ್ನೆ ಕೊಟ್ಟುಬಿಡೋದು ಅಷ್ಟು ಸುಲಭ ಅಲ್ಲ. ಹೋಗೋರು ಕಾಮೆಂಟಲ್ಲಿ ಹೇಳಿ, ಶನಿವಾರ ಒಟ್ಟಿಗೆ ಹೋಗೋಣ.

#ನಮ್ಮಮ್ಯೂಸಿಯಂ #ವೆಂಕಟಪ್ಪಚಿತ್ರಶಾಲೆ #ಬೆಂಗಳೂರುಕಥೆ