ಹೆಸರು ಮತ್ತು ನಾಯಕತ್ವ: ಎಚ್.ಐ.ವಿ. ಸೋಂಕಿತರ ಪರಸ್ಪರ ನೆರವಿನ ಇತಿಹಾಸ

೧

ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಹೆಸರೇ ಮೊದಲನೆಯ ಆಧಾರ. ಶಾಸನವೊಂದು ದೊರೆತೊಡನೆ ದಾನವಿತ್ತವನು ಯಾರು, ಪಡೆದವನು ಯಾರು, ಬರೆದವನು ಯಾರು ಎಂದು ನಾವು ಕೇಳುತ್ತೇವೆ. ವೀರಗಲ್ಲಿನ ಅಕ್ಷರಗಳು ಸವೆದುಹೋಗಿದ್ದರೆ, ಅಲ್ಲಿ ಕೆತ್ತಲ್ಪಟ್ಟವನು ವೀರನೆಂಬುದು ತಿಳಿದರೂ ಅವನು ಇತಿಹಾಸಕ್ಕೆ ಅರ್ಧ ಮಾತ್ರ ದಕ್ಕುತ್ತಾನೆ. ಹೀಗಿರುವಾಗ, ಹೆಸರನ್ನು ಹೇಳಿಕೊಳ್ಳುವುದೇ ಅಪಾಯಕರವೂ ಅದನ್ನು ಮರೆಸುವುದೇ ಬದುಕುವ ಉಪಾಯವೂ ಆಗಿದ್ದ ಒಂದು ಸಮುದಾಯದ ಚರಿತ್ರೆಯನ್ನು ಬರೆಯುವುದು ಹೇಗೆ?

ಪ್ರಕೃತ ಲೇಖನವು ಎತ್ತಿಕೊಂಡಿರುವುದು ಅಂಥ ಒಂದು ಸಮುದಾಯವನ್ನು. ಎಚ್.ಐ.ವಿ. ಸೋಂಕಿನೊಡನೆ ಬದುಕುತ್ತಿರುವವರು ಕಳೆದ ನಾಲ್ಕು ದಶಕಗಳಲ್ಲಿ ಎರಡು ಬಗೆಯ ಕಾರ್ಯಗಳನ್ನು ನಡೆಸಿಕೊಂಡು ಬಂದಿದ್ದಾರೆ. ಒಬ್ಬರಿಗೊಬ್ಬರು ಆಸರೆಯಾಗಿ ಅನುಭವವನ್ನೂ ಧೈರ್ಯವನ್ನೂ ಹಂಚಿಕೊಂಡುದು ಒಂದು. ಸರ್ಕಾರ, ನ್ಯಾಯಾಲಯ, ವೈದ್ಯಲೋಕಗಳ ಮುಂದೆ ನಿಂತು ತಮ್ಮವರ ಪರವಾಗಿ ಮಾತನಾಡಿದುದು ಇನ್ನೊಂದು. ಮೊದಲನೆಯದನ್ನು ಸಮದುಃಖಿಗಳ ನೆರವೆಂದೂ ಎರಡನೆಯದನ್ನು ಸಮುದಾಯದ ನಾಯಕತ್ವವೆಂದೂ ಕರೆಯಬಹುದು. ನೆರವು ಗೋಪ್ಯತೆಯನ್ನು ಬೇಡುತ್ತದೆ. ನಾಯಕತ್ವವು ಪ್ರಕಟವಾದ ಹೆಸರನ್ನೂ ಮುಖವನ್ನೂ ಬೇಡುತ್ತದೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವೆಂದು ತೋರುತ್ತವೆ. ಆದರೆ ಘಟನೆಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದರೆ, ಕೆಲವರು ತಮ್ಮ ಹೆಸರನ್ನು ಹೇಳಿದುದರಿಂದಲೇ ಹಲವರಿಗೆ ಹೆಸರು ಹೇಳದೆ ಬಾಳುವ ಹಕ್ಕು ಲಭಿಸಿತೆಂಬುದು ವಿದಿತವಾಗುತ್ತದೆ. ಇದನ್ನು ತೋರಿಸುವುದೇ ಈ ಬರಹದ ಉದ್ದೇಶ.

೨

ಸಾಂಕ್ರಾಮಿಕ ರೋಗಗಳ ಚರಿತ್ರೆಯಲ್ಲಿ ರೋಗಿಯ ಧ್ವನಿ ಕೇಳಿಬರುವುದು ಅಪೂರ್ವ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ನಡುವೆ ೧೮೯೭ರಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತ್ತು. ಮನೆಗಳ ಶೋಧನೆ, ರೋಗಿಗಳ ಬೇರ್ಪಡಿಕೆ, ಊರ ಹೊರಗಿನ ಶಿಬಿರ ಇವೆಲ್ಲ ಆಗಿನ ಕ್ರಮಗಳು. ಇವುಗಳ ವಿಷಯವಾಗಿ ನಮಗೆ ದೊರೆಯುವ ದಾಖಲೆಗಳು ಬಹುಮಟ್ಟಿಗೆ ಅಧಿಕಾರಿಗಳ ವರದಿಗಳೇ. ಅವುಗಳಲ್ಲಿ ರೋಗಿಯು ಸಂಖ್ಯೆಯಾಗಿ ಕಾಣಿಸಿಕೊಂಡು ಸಂಖ್ಯೆಯಾಗಿಯೇ ಮರೆಯಾಗುತ್ತಾನೆ. ಎಚ್.ಐ.ವಿ.ಯ ಇತಿಹಾಸವು ಈ ಪರಂಪರೆಯಿಂದ ಬೇರೆಯಾಗುವುದು ಇಲ್ಲಿಯೇ. ಇಲ್ಲಿ ರೋಗಿಯು ಮೊದಲಿನಿಂದಲೇ ಮಾತನಾಡಿದನು.

ಅಮೆರಿಕದ ರೋಗನಿಯಂತ್ರಣ ಕೇಂದ್ರವು ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಂಡ ವಿರಳವಾದ ಶ್ವಾಸಕೋಶದ ಸೋಂಕನ್ನು ಪ್ರಕಟಪಡಿಸಿದುದು ೧೯೮೧ರ ಜೂನ್ ೫ರಂದು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಬಾಬಿ ಕ್ಯಾಂಬೆಲ್ ಎಂಬ ಶುಶ್ರೂಷಕನು ತನಗೆ ಈ ರೋಗ ತಗಲಿರುವುದನ್ನು ಸ್ವಂತ ಹೆಸರಿನಿಂದ ಪತ್ರಿಕೆಯಲ್ಲಿ ಬರೆದನು. ತನ್ನ ಚರ್ಮದ ಮೇಲಿನ ಕಲೆಗಳ ಛಾಯಾಚಿತ್ರಗಳನ್ನು ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ ಅಂಟಿಸಿ, ಇಂಥ ಕಲೆಗಳಿದ್ದವರು ವೈದ್ಯರನ್ನು ಕಾಣಬೇಕೆಂದು ದಾರಿಹೋಕರಿಗೆ ತಿಳಿಸಿದನು. ಆಗಿನ್ನೂ ವೈರಾಣುವೇ ಪತ್ತೆಯಾಗಿರಲಿಲ್ಲ.

೧೯೮೩ರ ಜೂನ್ ತಿಂಗಳಲ್ಲಿ ಡೆನ್ವರ್ ನಗರದಲ್ಲಿ ನಡೆದ ಆರೋಗ್ಯ ಸಮ್ಮೇಳನದಲ್ಲಿ ಕ್ಯಾಂಬೆಲ್, ನ್ಯೂಯಾರ್ಕಿನ ಮೈಕೆಲ್ ಕ್ಯಾಲನ್ ಮೊದಲಾದ ಸುಮಾರು ಹನ್ನೆರಡು ರೋಗಿಗಳು ಒಂದುಗೂಡಿ ಹೇಳಿಕೆಯೊಂದನ್ನು ಸಿದ್ಧಪಡಿಸಿದರು. ಡೆನ್ವರ್ ತತ್ತ್ವಗಳೆಂದು ಇದು ಪ್ರಸಿದ್ಧವಾಗಿದೆ. ತಮ್ಮನ್ನು ಬಲಿಪಶುಗಳೆಂದು ಕರೆಯಕೂಡದು, ತಾವು ಏಡ್ಸ್ ಉಳ್ಳ ಮನುಷ್ಯರು ಎಂಬುದು ಅದರ ಮೊದಲ ಮಾತಿನ ತಾತ್ಪರ್ಯ. ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಳ್ಳಬೇಕು, ಸೇವಾಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ ತಮಗೆ ಸ್ಥಾನವಿರಬೇಕು ಎಂಬವು ನಾಯಕತ್ವಕ್ಕೆ ಸಂಬಂಧಿಸಿದ ಬೇಡಿಕೆಗಳು. ಗಮನಾರ್ಹವಾದ ಸಂಗತಿಯೆಂದರೆ, ಅದೇ ಹೇಳಿಕೆಯು ವೈದ್ಯಕೀಯ ದಾಖಲೆಗಳ ಗೋಪ್ಯತೆಯನ್ನೂ ಹಕ್ಕೆಂದು ಸಾರಿತು. ತಮ್ಮ ಹೆಸರುಗಳನ್ನು ಲೋಕಕ್ಕೆ ತಿಳಿಸಿದವರೇ ಇತರರ ಹೆಸರನ್ನು ಕಾಪಾಡಬೇಕೆಂದು ಕೇಳಿದರು. ಕ್ಯಾಂಬೆಲ್ ೧೯೮೪ರ ಆಗಸ್ಟಿನಲ್ಲಿಯೂ ಕ್ಯಾಲನ್ ೧೯೯೩ರಲ್ಲಿಯೂ ತೀರಿಕೊಂಡರು.

ಡೆನ್ವರಿನಲ್ಲಿ ಹಕ್ಕಿನ ಭಾಷೆ ಮುಂದಾದರೆ, ಆಫ್ರಿಕದಲ್ಲಿ ಆರೈಕೆಯೇ ಸಂಘಟನೆಗೆ ಮೂಲವಾಯಿತು. ಯುಗಾಂಡದ ಕಂಪಾಲ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಭೌತಚಿಕಿತ್ಸಕಿಯಾಗಿದ್ದ ನೊರೀನ್ ಕಲೀಬಾ ಅವರ ಪತಿ ೧೯೮೭ರ ಜನವರಿಯಲ್ಲಿ ಏಡ್ಸ್‌ನಿಂದ ಮೃತರಾದರು. ಅದೇ ವರ್ಷ ಆಕೆ ಕೆಲವರು ಸಂಗಡಿಗರೊಡನೆ ‘ಟಾಸೊ’ ಎಂಬ ಸಂಸ್ಥೆಯನ್ನು ಕಟ್ಟಿದರು. ಆಕೆ ಸ್ವತಃ ಸೋಂಕಿತರಲ್ಲ; ಆದರೆ ಸ್ಥಾಪಕರಲ್ಲಿ ಹಲವರು ಸೋಂಕಿತರು. ರೋಗಿಗಳಾಗಿ ಬಂದವರೇ ಆಪ್ತಸಮಾಲೋಚಕರಾಗಿ ಇನ್ನೊಬ್ಬ ರೋಗಿಯ ಮನೆಗೆ ಹೋಗುವ ಪದ್ಧತಿ ಇಲ್ಲಿ ರೂಢಿಗೆ ಬಂದಿತು. ೧೯೮೯ರಲ್ಲಿ ಆ ದೇಶದ ಜನಪ್ರಿಯ ಗಾಯಕ ಫಿಲಿ ಲುಟಾಯ ತಾನು ಏಡ್ಸ್ ರೋಗಿಯೆಂದು ಬಹಿರಂಗವಾಗಿ ತಿಳಿಸಿ, ಶಾಲೆಗಳಿಗೂ ಚರ್ಚುಗಳಿಗೂ ಹೋಗಿ ಮಾತನಾಡಿದನು. ವರ್ಷ ಮುಗಿಯುವುದರೊಳಗೆ ಅವನೂ ಮೃತನಾದನು.

೩

ಭಾರತದಲ್ಲಿ ಈ ಸೋಂಕು ಮೊದಲು ಗುರುತಿಸಲ್ಪಟ್ಟುದು ೧೯೮೬ರಲ್ಲಿ, ಮದರಾಸಿನಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರಿಂದ ಸಂಗ್ರಹಿಸಿದ ರಕ್ತದಲ್ಲಿ ಅದು ಕಂಡುಬಂದಿತು. ವೈದ್ಯರಿಬ್ಬರ ಹೆಸರು ವಿಜ್ಞಾನದ ಇತಿಹಾಸದಲ್ಲಿ ಯುಕ್ತವಾಗಿಯೇ ನಿಂತಿದೆ. ರಕ್ತವನ್ನು ಕೊಟ್ಟ ಮಹಿಳೆಯರಾದರೋ ಪ್ಲೇಗಿನ ರೋಗಿಗಳಂತೆ ಸಂಖ್ಯೆಗಳಾಗಿ ಉಳಿದರು.

ಹೆಸರುಳ್ಳ ಸೋಂಕಿತನೊಬ್ಬನು ನಮ್ಮ ದೇಶದಲ್ಲಿ ಸಾರ್ವಜನಿಕರ ಮುಂದೆ ಬಂದುದು ೧೯೮೯ರಲ್ಲಿ, ಅದೂ ಸ್ವಂತ ಇಚ್ಛೆಯಿಂದಲ್ಲ. ಗೋವದ ಡೊಮಿನಿಕ್ ಡಿಸೋಜ ಎಂಬ ತರುಣನು ಆಗಾಗ್ಗೆ ರಕ್ತದಾನ ಮಾಡುತ್ತಿದ್ದವನು. ಅವನ ರಕ್ತದಲ್ಲಿ ಸೋಂಕು ಕಂಡಿತೆಂದು ಆ ವರ್ಷದ ಫೆಬ್ರವರಿಯಲ್ಲಿ ಪೊಲೀಸರು ಅವನನ್ನು ಕರೆದೊಯ್ದರು. ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ ಅವನನ್ನು ೬೪ ದಿನ ಒಂಟಿಯಾಗಿ ಕೂಡಿಹಾಕಲಾಯಿತು. ಗೋವದ ಸಾರ್ವಜನಿಕ ಆರೋಗ್ಯ ಕಾಯಿದೆಗೆ ಮಾಡಿದ್ದ ತಿದ್ದುಪಡಿಯು ಇದಕ್ಕೆ ಆಧಾರವಾಗಿತ್ತು. ಊರ ಹೊರಗಿನ ಪ್ಲೇಗು ಶಿಬಿರದ ನೀತಿಯೇ ತೊಂಬತ್ತು ವರ್ಷಗಳ ತರುವಾಯ ಮರಳಿ ಬಂದಂತಾಯಿತು.

ಆತನ ತಾಯಿ ಲೂಸಿ ಡಿಸೋಜ ಅವರು ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮಗನಿಗೆ ಬಿಡುಗಡೆ ದೊರೆಯಿತಾದರೂ, ನ್ಯಾಯಾಲಯವು ಅಂತಿಮವಾಗಿ ಬೇರ್ಪಡಿಸುವ ಅಧಿಕಾರವನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಇದು ಸೋಲು. ಆದರೆ ಪೊಲೀಸರು ಬಯಲುಮಾಡಿದ ಹೆಸರನ್ನು ಡೊಮಿನಿಕ್ ಮರೆಸಲಿಲ್ಲ. ಅದೇ ಹೆಸರಿನಿಂದ ಸಭೆಗಳಲ್ಲಿ ಮಾತನಾಡಿದನು. ೧೯೯೨ರಲ್ಲಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಗೆ ಕಾರಣನಾಗಿ ಅದೇ ವರ್ಷ ತೀರಿಕೊಂಡನು. ಬಲಾತ್ಕಾರದಿಂದ ಪ್ರಕಟವಾದ ಹೆಸರು ಹೀಗೆ ನಾಯಕತ್ವದ ಹೆಸರಾಗಿ ಪರಿಣಮಿಸಿತು.

೪

ಈ ಪ್ರಕರಣದಿಂದ ಸೋಂಕಿತರು ಎರಡು ಪಾಠಗಳನ್ನು ಕಲಿತರೆನ್ನಬಹುದು. ನ್ಯಾಯಾಲಯಕ್ಕೆ ಹೋಗದೆ ಹಕ್ಕು ದೊರೆಯುವುದಿಲ್ಲ. ಹೋದರೆ ಹೆಸರು ಊರಿಗೆಲ್ಲ ತಿಳಿಯುತ್ತದೆ. ಈ ಇಕ್ಕಟ್ಟಿಗೆ ಪರಿಹಾರ ದೊರೆತುದು ೧೯೯೭ರಲ್ಲಿ. ಸರ್ಕಾರಿ ಸ್ವಾಮ್ಯದ ಉದ್ಯಮವೊಂದರಲ್ಲಿ ಹಂಗಾಮಿ ಕಾರ್ಮಿಕನಾಗಿದ್ದವನನ್ನು ಸೋಂಕಿತನೆಂಬ ಕಾರಣದಿಂದ ಕೆಲಸದಿಂದ ದೂರವಿರಿಸಲಾಗಿತ್ತು. ಆತನು ಹೆಸರನ್ನು ಮರೆಸಿ ದಾವೆ ಹೂಡಲು ಮುಂಬಯಿ ಉಚ್ಚ ನ್ಯಾಯಾಲಯವು ಒಪ್ಪಿಗೆಯಿತ್ತಿತು. ಕೆಲಸಕ್ಕೆ ಸಮರ್ಥನಾಗಿದ್ದು ಇತರರಿಗೆ ಅಪಾಯವನ್ನುಂಟುಮಾಡದವನನ್ನು ಸೋಂಕಿನ ಕಾರಣವೊಂದರಿಂದಲೇ ತೆಗೆದುಹಾಕಕೂಡದೆಂದು ತೀರ್ಪು ನೀಡಿತು. ನ್ಯಾಯನಿರ್ಣಯಗಳ ಸಂಪುಟದಲ್ಲಿ ಆ ಕಾರ್ಮಿಕನು ಇಂದಿಗೂ ‘ಎಂ.ಎಕ್ಸ್.’ ಎಂಬ ಎರಡು ಅಕ್ಷರ ಮಾತ್ರ. ಡೊಮಿನಿಕನಿಗೆ ಹೆಸರಿತ್ತು, ಜಯವಿರಲಿಲ್ಲ. ಇವನಿಗೆ ಜಯ ದೊರೆಯಿತು, ಹೆಸರಿಲ್ಲ.

ಅದೇ ೧೯೯೭ರಲ್ಲಿ ಚೆನ್ನೈಯಲ್ಲಿ ಸೋಂಕಿತರು ಒಟ್ಟುಗೂಡಿ ಅಖಿಲ ಭಾರತ ಮಟ್ಟದ ಜಾಲವೊಂದನ್ನು ಸ್ಥಾಪಿಸಿದರು. ನೌಕಾದಳದಲ್ಲಿದ್ದ ಅಶೋಕ್ ಪಿಳ್ಳೈ ಅದರ ಮುಂದಾಳುಗಳಲ್ಲಿ ಒಬ್ಬರು, ೨೦೦೨ರಲ್ಲಿ ನಿಧನರಾದರು. ೧೯೯೮ರಲ್ಲಿ ಪಿ. ಕೌಸಲ್ಯಾ ಮೊದಲಾದವರಿಂದ ಸೋಂಕಿತ ಮಹಿಳೆಯರದೇ ಆದ ಜಾಲ ಆರಂಭವಾಯಿತು. ಗಂಡನಿಂದ ಸೋಂಕು ಪಡೆದು, ಗಂಡ ಸತ್ತಮೇಲೆ ಅತ್ತೆಯ ಮನೆಯಿಂದ ಹೊರದೂಡಲ್ಪಟ್ಟ ವಿಧವೆಯ ಕಷ್ಟವು ಗಂಡಸರ ಸಭೆಯಲ್ಲಿ ತೋಡಿಕೊಳ್ಳುವಂಥದಾಗಿರಲಿಲ್ಲ.

ಈ ಜಾಲಗಳ ಕಾರ್ಯವಿಧಾನದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಹೆಸರು ಹೇಳಲು ಸಿದ್ಧರಾದ ಕೆಲವರು ಮುಂಬಾಗಿಲಲ್ಲಿ ನಿಂತರು. ಸಿದ್ಧರಲ್ಲದ ಅನೇಕರು ಅವರ ಮರೆಯಲ್ಲಿ ಒಳಗೆ ಬಂದು ಕುಳಿತರು. ಒಳಗಿನ ಮಾತು ಯಾವುದು? ಹೆಂಡತಿಗೆ ತಿಳಿಸುವುದು ಹೇಗೆ, ಮಗುವನ್ನು ಶಾಲೆಗೆ ಸೇರಿಸುವಾಗ ಏನು ಹೇಳಬೇಕು, ಯಾವ ಆಸ್ಪತ್ರೆಯಲ್ಲಿ ಮುಟ್ಟಿ ನೋಡುತ್ತಾರೆ, ಇಂಥವು. ಆರು ತಿಂಗಳಲ್ಲಿ ಸಾಯುತ್ತೇನೆಂದು ನಂಬಿ ಬಂದವನು, ಸೋಂಕಿನೊಡನೆ ಹತ್ತು ವರ್ಷ ಕಳೆದವನೊಬ್ಬನು ಎದುರಿಗೆ ಕುಳಿತು ಕಾಫಿ ಕುಡಿಯುವುದನ್ನು ಕಂಡರೆ, ಅದಕ್ಕಿಂತ ಮಿಗಿಲಾದ ಸಾಂತ್ವನವನ್ನು ಯಾವ ಉಪದೇಶವೂ ಕೊಡಲಾರದು.

ದಕ್ಷಿಣ ಆಫ್ರಿಕದಲ್ಲಿ ಇದೇ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ೧೯೯೮ರ ಡಿಸೆಂಬರಿನಲ್ಲಿ ದರ್ಬಾನ್ ಬಳಿಯ ಗುಗು ದ್ಲಾಮಿನಿ ಎಂಬ ಮಹಿಳೆಯು ತಾನು ಸೋಂಕಿತಳೆಂದು ಪ್ರಕಟಿಸಿದ ಬಳಿಕ ಗುಂಪೊಂದರ ಹೊಡೆತಕ್ಕೆ ಸಿಕ್ಕಿ ಸತ್ತಳು. ಅದೇ ತಿಂಗಳು ಜಾಕೀ ಅಕ್ಮತ್ ಮೊದಲಾದವರು ಔಷಧದ ಹಕ್ಕಿಗಾಗಿ ಚಳವಳಿಯನ್ನು ಆರಂಭಿಸಿದ್ದರು. ಎಚ್.ಐ.ವಿ. ಪಾಸಿಟಿವ್ ಎಂದು ಎದೆಯ ಮೇಲೆ ಅಚ್ಚಾದ ಅಂಗಿಯನ್ನು ಅವರು ಪ್ರಚಾರಕ್ಕೆ ತಂದರು. ಸೋಂಕಿತರೂ ಸೋಂಕಿಲ್ಲದವರೂ ಅದನ್ನು ತೊಟ್ಟರು. ನೆಲ್ಸನ್ ಮಂಡೇಲ ಸಹ ತೊಟ್ಟರು. ಎಲ್ಲರೂ ಒಂದೇ ಅಂಗಿಯನ್ನು ತೊಟ್ಟಾಗ ಯಾರು ಸೋಂಕಿತರೆಂದು ಬೆರಳು ತೋರುವುದು ಸಾಧ್ಯವಾಗಲಿಲ್ಲ. ನಮ್ಮಲ್ಲಿ ಎರಡು ಅಕ್ಷರಗಳು ಮಾಡಿದ ಕೆಲಸವನ್ನು ಅಲ್ಲಿ ಅಂಗಿ ಮಾಡಿತು.

೫

೧೯೯೬ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಫಲಕಾರಿಯೆಂದು ಸಿದ್ಧವಾಯಿತು. ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟ ವೆಚ್ಚ. ೨೦೦೧ರಲ್ಲಿ ಭಾರತದ ಸಿಪ್ಲಾ ಕಂಪನಿಯು ಅದೇ ಔಷಧಗಳನ್ನು ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ೩೫೦ ಡಾಲರಿಗೆ ಒದಗಿಸಲು ಮುಂದಾಯಿತು. ೨೦೦೪ರ ಏಪ್ರಿಲ್ ೧ರಿಂದ ಭಾರತ ಸರ್ಕಾರವು ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಉಚಿತ ಚಿಕಿತ್ಸೆಯನ್ನು ಆರಂಭಿಸಿತು.

ಔಷಧ ಬಂದಮೇಲೆ ಸಮದುಃಖಿಗಳ ನೆರವು ಅನವಶ್ಯಕವಾಯಿತೆಂದು ಭಾವಿಸಕೂಡದು. ಅದರ ಸ್ವರೂಪ ಬದಲಾಯಿತು. ಈ ಗುಳಿಗೆಗಳನ್ನು ಜೀವಮಾನವೆಲ್ಲ ತಪ್ಪದೆ ಸೇವಿಸಬೇಕು. ಪದೇ ಪದೇ ತಪ್ಪಿದರೆ ವೈರಾಣು ಔಷಧಕ್ಕೆ ಮಣಿಯದಂತಾಗುತ್ತದೆ. ಹತ್ತು ಮಂದಿಯಿರುವ ಮನೆಯಲ್ಲಿ ಸೀಸೆಯನ್ನು ಎಲ್ಲಿಡಬೇಕು, ಮೇಲಿನ ಚೀಟಿಯನ್ನು ಕಿತ್ತುಹಾಕಬೇಕೇ, ಮದುವೆಯ ಮನೆಯಲ್ಲಿ ಗುಳಿಗೆಯ ಹೊತ್ತಾದರೆ ಏನು ಮಾಡಬೇಕು? ಹೆಸರಿನ ಪ್ರಶ್ನೆಯೇ ಈಗ ಸೀಸೆಯ ಪ್ರಶ್ನೆಯಾಯಿತು. ಅದಕ್ಕೆ ಉತ್ತರ ಬಲ್ಲವರು ಅದನ್ನು ಅನುಭವಿಸಿದವರೇ. ಚಿಕಿತ್ಸಾ ಕೇಂದ್ರಗಳಲ್ಲಿ ಸೋಂಕಿತರನ್ನೇ ಸಹಾಯಕರಾಗಿ ನೇಮಿಸುವ ಪದ್ಧತಿಯು ಈ ಅರಿವಿನ ಫಲ.

ಮೈಸೂರಿನ ಆಶೋದಯ ಸಮಿತಿಯು ಇದಕ್ಕೆ ಹತ್ತಿರದ ನಿದರ್ಶನ. ೨೦೦೪ರಲ್ಲಿ ಆರಂಭವಾದ ಕಾರ್ಯದಿಂದ ಬೆಳೆದ ಇದು ಸೋಂಕಿತರ ಸಂಘವಲ್ಲ, ಲೈಂಗಿಕ ವೃತ್ತಿಯಲ್ಲಿರುವವರ ಸಂಘ. ಸೋಂಕಿತರೂ ಅದರಲ್ಲಿ ಸೇರಿದ್ದಾರೆ. ಸದಸ್ಯರೇ ಬೀದಿಯಲ್ಲಿ ತಮ್ಮವರನ್ನು ಕಂಡು ಮಾತನಾಡುವುದು, ಸದಸ್ಯರೇ ಆಡಳಿತ ನಡೆಸುವುದು ಇದರ ಕ್ರಮ. ಮದರಾಸಿನಲ್ಲಿ ರಕ್ತದ ಮಾದರಿಗಳಾಗಿ ಮಾತ್ರ ದಾಖಲೆಗೆ ಬಂದ ವರ್ಗದ ಜನರು ಇಪ್ಪತ್ತು ವರ್ಷ ತುಂಬುವ ಮೊದಲೇ ತಮ್ಮ ವ್ಯವಹಾರವನ್ನು ತಾವೇ ನಡೆಸತೊಡಗಿದರು.

೨೦೧೭ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯನ್ನು ಅಂಗೀಕರಿಸಿತು. ೨೦೧೮ರ ಸೆಪ್ಟೆಂಬರ್ ೧೦ರಿಂದ ಅದು ಜಾರಿಯಲ್ಲಿದೆ. ಉದ್ಯೋಗ, ವಿದ್ಯಾಭ್ಯಾಸ, ಚಿಕಿತ್ಸೆಗಳಲ್ಲಿ ಭೇದಮಾಡುವುದನ್ನು ಅದು ನಿಷೇಧಿಸುತ್ತದೆ. ಹೆಸರನ್ನು ಮರೆಸಿ ನ್ಯಾಯ ಕೇಳುವ ಅವಕಾಶವನ್ನು ಶಾಸನದಲ್ಲಿಯೇ ಸೇರಿಸಿದೆ. ಅನಾಮಿಕ ಕಾರ್ಮಿಕನೊಬ್ಬನಿಗೆ ದೊರೆತ ವಿನಾಯಿತಿಯು ಹೀಗೆ ದೇಶದ ಕಾನೂನಾಯಿತು.

೬

ಇಷ್ಟನ್ನು ಹೇಳಿದಮೇಲೆ ಒಂದು ಆಕ್ಷೇಪವನ್ನು ವಿಚಾರಮಾಡದಿರುವುದು ಸರಿಯಲ್ಲ. ೧೯೯೪ರ ಡಿಸೆಂಬರ್ ೧ರಂದು ಪ್ಯಾರಿಸಿನಲ್ಲಿ ೪೨ ದೇಶಗಳು, ಸೋಂಕಿತರನ್ನು ಎಲ್ಲ ಹಂತಗಳಲ್ಲಿಯೂ ಒಳಗೊಳ್ಳಬೇಕೆಂಬ ತತ್ತ್ವಕ್ಕೆ ಸಹಿಮಾಡಿದವು. ತತ್ತ್ವವು ಉದಾತ್ತವೇ. ಆದರೆ ಆಚರಣೆಯಲ್ಲಿ ವೇದಿಕೆಗೊಬ್ಬ ಸೋಂಕಿತನನ್ನು ಕರೆದು, ಕಷ್ಟವನ್ನು ಹೇಳಿಸಿ, ಚಪ್ಪಾಳೆ ತಟ್ಟಿ, ನಿರ್ಣಯಗಳನ್ನು ತಾವೇ ಕೈಗೊಳ್ಳುವುದೂ ಉಂಟು. ಹೆಸರನ್ನು ಒಮ್ಮೆ ಹೇಳಿದವನಿಗೆ ಅದನ್ನು ಹಿಂದಕ್ಕೆ ಪಡೆಯಲು ಬಾರದು. ಅದರ ಬೆಲೆಯನ್ನು ಅವನ ಹೆಂಡತಿ ಮಕ್ಕಳೂ ತೆರಬೇಕಾಗುತ್ತದೆ. ಆದುದರಿಂದ ಹೆಸರು ಹೇಳಿದವರನ್ನು ಮಾತ್ರ ನಾಯಕರೆಂದು ಎಣಿಸುವುದು ಇತಿಹಾಸಕಾರನಿಗೆ ತಪ್ಪು. ರೋಗಿಯ ಜೊತೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೆಸರಿಲ್ಲದ ಹೆಂಗಸೂ ನಾಯಕಿಯೇ. ಅವಳ ಕಥೆಯನ್ನು ಸಂಗ್ರಹಿಸಬೇಕು. ಅವಳ ಹೆಸರನ್ನು ಕೇಳಬೇಕಾಗಿಲ್ಲ. ನಮ್ಮ ಶಾಸ್ತ್ರಕ್ಕೆ ಇದು ಹೊಸ ಶಿಸ್ತು.

ಕೊನೆಯದಾಗಿ ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ಹುಟ್ಟಿನಿಂದಲೇ ಸೋಂಕು ಪಡೆದ ಮಕ್ಕಳಿಗೆ ಔಷಧ ಒದಗಿಸುವ ರಾಷ್ಟ್ರೀಯ ಯೋಜನೆಯು ೨೦೦೬ರ ನವೆಂಬರಿನಲ್ಲಿ ಆರಂಭವಾಯಿತು. ಅಂದು ಔಷಧ ಪಡೆದು ಬದುಕುಳಿದ ಕೂಸುಗಳು ಇಂದು ಕಾಲೇಜಿನ ವಯಸ್ಸಿನವರು. ನಾವು ದಿನವೂ ಹಾಜರಿ ಪುಸ್ತಕವನ್ನು ಹಿಡಿದು ಕೂಗುವ ಹೆಸರುಗಳಲ್ಲಿ ಅಂಥವರದೂ ಒಂದಿರಬಹುದು. ಅದು ಯಾವುದೆಂದು ನಮಗೆ ತಿಳಿಯದು. ತಿಳಿಯಬೇಕಾದ ಅವಶ್ಯಕತೆಯೂ ಇಲ್ಲ. ಆದರೆ ತರಗತಿಯಲ್ಲಿ ಈ ರೋಗದ ಪ್ರಸ್ತಾಪ ಬಂದಾಗ ನಾವು ಆಡುವ ಪ್ರತಿಯೊಂದು ಮಾತನ್ನೂ ಆ ವಿದ್ಯಾರ್ಥಿಯು ಕೇಳುತ್ತಿದ್ದಾನೆಂಬ ಎಚ್ಚರವಿರಬೇಕು.