ಅಪ್ಪಳಿಕೆ ಅಪಾಯ: ಬೆಂಗಳೂರು ಕೇಂದ್ರಿತ ಅಧ್ಯಯನದ ಇತಿಹಾಸ

ಕ್ಷುದ್ರಗ್ರಹ ಅಥವಾ ಧೂಮಕೇತು ಭೂಮಿಗೆ ಅಪ್ಪಳಿಸಿ ಜೀವಸಂಕುಲಕ್ಕೆ ಹಾನಿಯಾಗುವ ಸಾಧ್ಯತೆಗೆ ಅಪ್ಪಳಿಕೆ ಅಪಾಯ ಎನ್ನುತ್ತಾರೆ. 6.6 ಕೋಟಿ ವರ್ಷಗಳ ಹಿಂದಿನ ಚಿಕ್ಷುಲೂಬ್, 1908ರ ತುಂಗುಸ್ಕಾ, 2013ರ ಚೆಲ್ಯಾಬಿನ್‌ಸ್ಕ್ ಘಟನೆಗಳು ಎಲ್ಲ ವಿಶ್ವಕೋಶಗಳಲ್ಲೂ ಸಿಗುತ್ತವೆ. ಬೆಂಗಳೂರಿನ ಸಂಸ್ಥೆಗಳು ಮಾಡಿದ ಕೆಲಸದ ವಿವರ ಮಾತ್ರ ಚದುರಿದೆ, ಅಲ್ಲಲ್ಲಿ ಕಲಸಿಯೂ ಹೋಗಿದೆ.

ಈ ಸೀಮೆಯಲ್ಲಿ ಉಲ್ಕಾಶಿಲೆ ಬಿದ್ದದ್ದಕ್ಕೆ ಹಳೆಯ ದಾಖಲೆಗಳಿವೆ: 1865ರ ಸೆಪ್ಟೆಂಬರ್ 21ರಂದು ಮದ್ದೂರಿನ ಬಳಿ, 1866ರಲ್ಲಿ ಉಡುಪಿಯಲ್ಲಿ. 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಹೊಸೂರಿನಾಚೆಯ ಸೂಳಗಿರಿಯಲ್ಲಿ ಸುಮಾರು 110 ಕಿಲೋ ತೂಕದ ಶಿಲೆ ಸಿಕ್ಕಿತು. ಇವು ಊರು ಅಳಿಸುವ ಗಾತ್ರದವಲ್ಲ. ಅಂಥ ಪೆಟ್ಟಿನ ಹತ್ತಿರದ ಗುರುತು ಮಹಾರಾಷ್ಟ್ರದ ಲೋಣಾರ್. ದಖ್ಖನ್ ಬಸಾಲ್ಟ್‌ನಲ್ಲಿ ಸುಮಾರು 1.8 ಕಿ.ಮೀ. ಅಗಲದ ಕುಳಿ. ಅದರ ವಯಸ್ಸು ಥರ್ಮೋಲ್ಯೂಮಿನೆಸೆನ್ಸ್ ವಿಧಾನದಲ್ಲಿ 50,000 ವರ್ಷದ ಆಸುಪಾಸು ಬಂದರೆ, 2011ರಲ್ಲಿ ಪ್ರಕಟವಾದ ಆರ್ಗಾನ್ ಅಳತೆಯಲ್ಲಿ 5.7 ಲಕ್ಷ ವರ್ಷ ಬಂತು. ಲೋಣಾರ್ ವಯಸ್ಸನ್ನು ಒಂದೇ ಅಂಕಿಯಲ್ಲಿ ಕೊಡುವ ಪುಸ್ತಕಗಳು ಈ ಹತ್ತು ಪಟ್ಟಿಗೂ ಮಿಕ್ಕ ಅಂತರವನ್ನು ಮುಚ್ಚಿಡುತ್ತವೆ.

ಆಕಾಶದಲ್ಲಿ ಹುಡುಕುವ ಕೆಲಸಕ್ಕೆ ಇಲ್ಲಿನ ತಿರುವು 1988. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ‘ಕಲ್ಕಿ’ ಯೋಜನೆಯಡಿ, ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ 45 ಸೆಂ.ಮೀ. ಶ್ಮಿಟ್ ದೂರದರ್ಶಕದಿಂದ ಆಕಾಶದ ಛಾಯಾಚಿತ್ರ ತೆಗೆಯುತ್ತಿದ್ದರು. ಹೆಚ್ಚು ಹೊತ್ತು ಬೆಳಕು ಬೀಳಿಸಿದ ಚಿತ್ರದಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ನಿಲ್ಲುತ್ತವೆ, ಕ್ಷುದ್ರಗ್ರಹ ಸಣ್ಣ ಗೀಟಾಗಿ ಸರಿಯುತ್ತದೆ. ಫೆಬ್ರವರಿ 17ರಂದು ಸಿಕ್ಕ ಕಾಯ ಈಗ 4130 ರಾಮಾನುಜನ್. ಇದಕ್ಕೆ ಹಿಂದೆ 1885ರಲ್ಲಿ ಮದ್ರಾಸಿನಿಂದ ಖಗೋಳಜ್ಞ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡಿದ್ದರು. ನಡುವೆ ನೂರು ವರ್ಷಕ್ಕೂ ಮೀರಿದ ಬಿಡುವು. ರಾಮಾನುಜನ್ ಮಂಗಳ–ಗುರುಗಳ ನಡುವಿನ ಮುಖ್ಯ ಪಟ್ಟಿಯಲ್ಲಿ ಸುತ್ತುವ ಕಾಯ, ಭೂಮಿಗೆ ಅದರಿಂದ ಭಯವಿಲ್ಲ. ಆದರೂ ಈ ನೆಲದಿಂದ ಕ್ರಮವಾಗಿ ಹುಡುಕಬಹುದೆಂದು ತೋರಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಹೆಚ್ಚು ವಿವಾದವಾದದ್ದು ಕಾವಲೂರಿನ ಅದೇ ಪ್ರದೇಶದ ನಾಟ್ರಂಪಳ್ಳಿ ಪ್ರಕರಣ. 2016ರ ಫೆಬ್ರವರಿ 6ರಂದು ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ತಮಿಳುನಾಡು ಸರ್ಕಾರ ಉಲ್ಕಾಶಿಲೆಯೇ ಕಾರಣವೆಂದು ಹೇಳಿ ಪರಿಹಾರ ಘೋಷಿಸಿತು. ಬೆಂಗಳೂರಿನ ಖಭೌತ ಸಂಸ್ಥೆಯವರು ಸ್ಥಳಕ್ಕೆ ಹೋಗಿ ಪರಿಶೀಲಿಸಿದರು. ಚಿತ್ರಗಳನ್ನು ನೋಡಿದ ನಾಸಾ, ಇದು ನೆಲದ ಮೇಲಿನ ಸ್ಫೋಟದಂತೆ ಕಾಣುತ್ತದೆ ಎಂದಿತು. ಅಂಗೀಕೃತ ಉಲ್ಕಾಪಾತಗಳ ಪಟ್ಟಿಗೆ ಘಟನೆ ಸೇರಿಲ್ಲ. ‘ಉಲ್ಕೆಗೆ ಬಲಿಯಾದ ಮೊದಲಿಗ’ ಎಂದು ಇಂದಿಗೂ ಅಚ್ಚಾಗುವ ಮಾತಿಗೆ ಆಧಾರ ಸಾಲದು. 1888ರ ಆಗಸ್ಟ್ 22ರಂದು ಇಂದಿನ ಇರಾಕಿನ ಸುಲೈಮಾನಿಯಾದಲ್ಲಿ ಉಲ್ಕೆಯಿಂದ ಸಂಭವಿಸಿದ ಸಾವಿನ ಒಟ್ಟೋಮನ್ ಕಡತಗಳು 2020ರಲ್ಲಿ ಪ್ರಕಟವಾಗಿವೆ.

ಈಚಿನ ಗೊಂದಲ ಪೀಣ್ಯದ್ದು. ರಾಜಗೋಪಾಲನಗರದ ಲೇತ್ ಶೆಡ್ಡುಗಳಿಗೆ ದೂರವಲ್ಲದ, ಇಸ್ರೋದ ಉಪಗ್ರಹ ನಿಗಾ ಜಾಲವಾದ ಇಸ್ಟ್ರ್ಯಾಕ್‌ನ ಆವರಣದಲ್ಲಿ 2020ರ ಡಿಸೆಂಬರ್ 14ರಂದು ಇಸ್ರೋ ಅಧ್ಯಕ್ಷ ಕೆ. ಶಿವನ್ ‘ನೇತ್ರ’ ನಿಯಂತ್ರಣ ಕೇಂದ್ರವನ್ನು ಉದ್ಘಾಟಿಸಿದರು. ಅದನ್ನು ‘ಕ್ಷುದ್ರಗ್ರಹ ಕಾವಲು ಕೇಂದ್ರ’ ಎಂದಷ್ಟೇ ಕರೆದರೆ ತಪ್ಪಾಗುತ್ತದೆ. ಉಪಗ್ರಹಗಳು ಪರಸ್ಪರ ಇಲ್ಲವೇ ಬಾಹ್ಯಾಕಾಶ ಕಸಕ್ಕೆ ಡಿಕ್ಕಿಯಾಗದಂತೆ ಮುಂದಾಗಿ ಲೆಕ್ಕ ಹಾಕುವುದು ಅದರ ಮೊದಲ ಹೊಣೆ. ಭೂಸಮೀಪ ಕಾಯಗಳ ನಿಗಾ ಅದರ ಕೆಲಸದ ಒಂದು ಭಾಗ ಮಾತ್ರ. ಈವರೆಗಿನ ಭೂಸಮೀಪ ಕ್ಷುದ್ರಗ್ರಹಗಳ ಪತ್ತೆ ಬಹುಪಾಲು ಅಮೆರಿಕದ ಕ್ಯಾಟಲಿನಾ, ಪ್ಯಾನ್-ಸ್ಟಾರ್ಸ್ ಸಮೀಕ್ಷೆಗಳದು.

ನಿಗಾ ಏಕೆ ಬೇಕೆಂಬುದು 2025ರ ಆರಂಭದಲ್ಲಿ ಸ್ಪಷ್ಟವಾಯಿತು. 2024 ವೈಆರ್4 ಎಂಬ ಸುಮಾರು 60 ಮೀಟರ್ ಕಾಯ 2032ರ ಡಿಸೆಂಬರ್ 22ರಂದು ಅಪ್ಪಳಿಸುವ ಸಂಭವ ಶೇ. 3.1ಕ್ಕೆ ಏರಿತ್ತು, ಬೀಳಬಹುದಾದ ಪಟ್ಟಿ ದಕ್ಷಿಣ ಏಷ್ಯಾದ ಮೇಲೂ ಹಾದಿತ್ತು. ಕಕ್ಷೆಯ ಅನಿಶ್ಚಿತತೆ ಕಿರಿದಾಗುತ್ತ ಹೋದಂತೆ ಭೂಮಿ ಅದರೊಳಗೆ ಇರುವಷ್ಟು ಕಾಲ ಸಂಭವದ ಅಂಕಿ ಏರುತ್ತದೆ, ಹೊರಬಿದ್ದೊಡನೆ ಕುಸಿಯುತ್ತದೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಅದು ನಗಣ್ಯವಾಯಿತು.

ನೇತ್ರದ ಗಮನ ಈಗ ಅಪೋಫಿಸ್ ಎಂಬ ಕ್ಷುದ್ರಗ್ರಹದ ಮೇಲೂ ಇದೆ. ಸುಮಾರು 350 ಮೀಟರ್ ಗಾತ್ರದ ಅದು ಇನ್ನು ನೂರು ವರ್ಷ ಭೂಮಿಗೆ ಬಡಿಯದೆಂದು 2021ರ ರೇಡಾರ್ ಅಳತೆಗಳು ಖಚಿತಪಡಿಸಿವೆ. ಭಾರತೀಯ ಕಾಲಮಾನದಲ್ಲಿ 2029ರ ಏಪ್ರಿಲ್ 14ರ ನಸುಕಿಗೆ ಅದು ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದುಹೋಗಲಿದೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಡೆಸುವ ಭೂಸ್ಥಿರ ಉಪಗ್ರಹಗಳು ಅದಕ್ಕಿಂತ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ.