ಮಿರಜಿನಲ್ಲಿ ಗಾಡಿ ಬದಲಾವಣೆ

ಮುಂಬಯಿಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಹೋಗಿಬಂದ ಹಿರಿಯರಿಗೆ ಮಿರಜ್ ಠಾಣೆಯನ್ನು ಯಾರೂ ಪರಿಚಯಿಸಬೇಕಾದುದಿಲ್ಲ. ಹಾಸಿಗೆ ಸುರುಳಿ, ಟ್ರಂಕು, ನಿದ್ದೆಗಣ್ಣಿನ ಮಕ್ಕಳು ಇವಿಷ್ಟನ್ನೂ ಇಳಿಸಿಕೊಂಡು, ಆಚೆ ನಿಂತ ಮೀಟರ್ ಗೇಜ್ ಗಾಡಿಯಲ್ಲಿ ಜಾಗ ಹಿಡಿಯಲು ಓಡಿದವರೇ ನಮ್ಮಲ್ಲಿ ಹೆಚ್ಚು. 1970ರ ದಶಕದ ಆರಂಭದಲ್ಲಿ ಪುಣೆ-ಮಿರಜ್ ದಾರಿಯ ಹಳಿ ಅಗಲವಾಗುವ ಮೊದಲು ಇದೇ ಪಾಡು ಪುಣೆಯಲ್ಲಿದ್ದಿತು. ವಿಜಾಪುರ, ಬಾಗಲಕೋಟೆಯವರು ಸೊಲ್ಲಾಪುರದ ಕಡೆ ಅದನ್ನು ಅನುಭವಿಸಿದರು. ಒಂದೇ ದೇಶದಲ್ಲಿ ಎರಡು ಅಳತೆಯ ಹಳಿಗಳು ಬಂದುದಾದರೂ ಹೇಗೆ?

ದೇಶದ ಹಳಿಗಳೆಲ್ಲ ಒಂದೇ ಅಳತೆಯವಾಗಿರಬೇಕೆಂದು ಲಾರ್ಡ್ ಡಾಲ್‌ಹೌಸಿ ಮೊದಲೇ ಎಚ್ಚರಿಸಿದ್ದನು. ಆಗ ಗೊತ್ತುಮಾಡಿದ್ದು ಐದೂವರೆ ಅಡಿ. ಅದೇ ಬ್ರಾಡ್ ಗೇಜ್. ಆದರೆ ಅಂಥ ದಾರಿಗೆ ಹಣ ಬಹಳ. 1870ರ ಸುಮಾರಿಗೆ ಲಾರ್ಡ್ ಮೇಯೋನ ಸರಕಾರಕ್ಕೆ ಮೈಲಿಗಳು ಬೇಕಾಗಿದ್ದವು, ಬೊಕ್ಕಸದಲ್ಲಿ ಹಣವಿರಲಿಲ್ಲ. ಆದುದರಿಂದ ಅಗ್ಗದ ಕಿರಿದಾದ ಹಳಿ. ದೇಶಕ್ಕೆ ಮೆಟ್ರಿಕ್ ಅಳತೆ ಬರಲಿದೆ ಎಂಬ ನಂಬಿಕೆಯಲ್ಲಿ ಅದಕ್ಕೆ ಸರಿಯಾಗಿ ಒಂದು ಮೀಟರ್ ಅಗಲವನ್ನೇ ಇಟ್ಟರು. ಹಳಿಗೆ ಬಂದ ಮೀಟರು ನಮ್ಮ ಬಟ್ಟೆಯಂಗಡಿಗೆ ಬರಲು 1956ರ ಕಾಯಿದೆಯವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು!

ಅಷ್ಟರಲ್ಲಿ 1876-78ರ ಭೀಕರ ಬರ ಬಂದಿತು. ಕಾಳು ಒಯ್ಯಲು ದಾರಿಯಿಲ್ಲದೆ ಜನ ಸತ್ತುದನ್ನು ಕಂಡ ಮೇಲೆ, ಬರದ ಸೀಮೆಗೆ ರೈಲು ಬೇಕೆಂಬ ಮಾತಿಗೆ ಬಲ ಬಂದಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹೊಟಗಿ-ಗದಗ ಮೊದಲಾದ ದಾರಿಗಳನ್ನು ಹಾಕಿದ್ದು ಮೀಟರ್ ಗೇಜಿನಲ್ಲಿ. ಅದೇ ವರ್ಷ ಬೆಂಗಳೂರು-ಮೈಸೂರು ದಾರಿಯೂ ಅದೇ ಅಳತೆಯಲ್ಲಿ ಪೂರ್ತಿಯಾಯಿತು. ಅಗ್ಗದ ಹಳಿಯೆಂದು ಹಳಿಯುವುದು ಇಂದು ಸುಲಭ. ಅಗಲವಾದುದಕ್ಕೇ ಪಟ್ಟು ಹಿಡಿದಿದ್ದರೆ ನಮ್ಮ ಊರುಗಳಿಗೆ ಆ ಕಾಲದಲ್ಲಿ ಗಾಡಿಯೇ ಬರುತ್ತಿರಲಿಲ್ಲವೇನೋ.

ಆದರೆ ಅಂದಿನ ಉಳಿತಾಯದ ಬಡ್ಡಿಯನ್ನು ನೂರು ವರ್ಷ ತೆತ್ತೆವು. ಎರಡು ಹಳಿ ಕೂಡುವ ಠಾಣೆಯಲ್ಲೆಲ್ಲ ಹತ್ತಿ, ಶೇಂಗಾ, ಸಿಮೆಂಟು ಚೀಲಗಳನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಮಾಲರು ಹೊತ್ತು ಹಾಕಬೇಕು. ಒಂದೆಡೆ ವ್ಯಾಗನ್ ಬರಿದೇ ನಿಂತಿದ್ದರೂ ಇನ್ನೊಂದೆಡೆಯ ಕೊರತೆಗೆ ಅದು ಒದಗದು. 1951ರಲ್ಲಿ ದೇಶದಲ್ಲಿ ಮೀಟರ್ ಗೇಜ್ ಸುಮಾರು 24 ಸಾವಿರ ಕಿಲೋಮೀಟರ್ ಇದ್ದಿತು, ಬ್ರಾಡ್ ಗೇಜಿಗಿಂತ ತುಸುವೇ ಕಡಮೆ. ಮೊದಲ ಯೋಜನೆಗಳ ಕಾಲದಲ್ಲಿ ಸವೆದ ಎಂಜಿನ್, ವ್ಯಾಗನ್‌ಗಳನ್ನು ಬದಲಿಸುವುದು, ಬಳಿಕ ಉಕ್ಕಿನ ಕಾರಖಾನೆಗಳಿಗೆ ಕಲ್ಲಿದ್ದಲು ಮುಟ್ಟಿಸುವುದು ಮುಂದಾದವು. ಹಳಿ ಅಗಲಿಸುವ ಕೆಲಸ ಅಲ್ಲಿಷ್ಟು ಇಲ್ಲಿಷ್ಟು ನಡೆಯಿತು.

1992ರಲ್ಲಿ ಈ ಕ್ರಮ ತಲೆಕೆಳಗಾಯಿತು. ಆಗ ರೈಲ್ವೆ ಮಂತ್ರಿಗಳಾಗಿದ್ದವರು ಕರ್ನಾಟಕದವರೇ ಆದ ಸಿ. ಕೆ. ಜಾಫರ್ ಷರೀಫರು. ಯುನಿಗೇಜ್ ಎಂಬ ಹೆಸರಿನಲ್ಲಿ, ದೇಶಕ್ಕೆಲ್ಲ ಒಂದೇ ಹಳಿ ಎಂದು ಹೊರಟರು. ಇಷ್ಟು ಹಣವನ್ನು ಜೋಡಿಹಳಿಗೂ ವಿದ್ಯುತ್ತಿಗೂ ಹಾಕಬಾರದೇ ಎಂಬ ಆಕ್ಷೇಪವೂ ಎದ್ದಿತು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಆ ದಶಕದಲ್ಲಿ ಮಿರಜ್-ಹುಬ್ಬಳ್ಳಿ-ಬೆಂಗಳೂರು ದಾರಿ ಅಗಲವಾಗಿ, ಮಿರಜಿನ ಓಟ ನಿಂತಿತು. ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಆದರೂ ಎಲ್ಲರ ಸರದಿ ಒಟ್ಟಿಗೆ ಬರಲಿಲ್ಲ. ದೂರದ ಸರಕಿಗೆ ಬದಲಿದಾರಿಯಾಗಬಲ್ಲವು, ರಕ್ಷಣೆಗೆ ಬೇಕಾದವು ಮೊದಲಾದವು. ಗದಗ-ಸೊಲ್ಲಾಪುರ ದಾರಿ ಪೂರ್ತಿಯಾಗಲು ಹದಿನೈದು ವರ್ಷಗಳೇ ಹಿಡಿದವು.

ಹಾಸನ-ಮಂಗಳೂರು ದಾರಿಯವರೂ ಬಹಳ ಕಾದರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳನ್ನು ಕೊರೆದು, 1979ರಲ್ಲಷ್ಟೇ ತೆರೆದ ಮೀಟರ್ ಗೇಜ್ ದಾರಿಯದು. ಹದಿನೇಳೇ ವರ್ಷಕ್ಕೆ, 1996ರಲ್ಲಿ, ಅಗಲ ಮಾಡಲೆಂದು ಮುಚ್ಚಿದರು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಮುಂಬಯಿಯ ಮಂಗಳೂರಿಗರು ನೇರವಾಗಿ ಊರು ಸೇರತೊಡಗಿದರು. ಬೆಂಗಳೂರಿನ ಮಂಗಳೂರಿಗರು ಮಾತ್ರ ಬಸ್ಸಿನಲ್ಲೇ ಘಾಟಿ ಇಳಿಯುತ್ತಿದ್ದರು. ಕೊನೆಗೆ ಕೆಲಸ ಮುಗಿಸಲು ರಾಜ್ಯ ಸರಕಾರವೂ ಪಾಲುಗೊಂಡ ಪ್ರತ್ಯೇಕ ಕಂಪನಿಯನ್ನೇ ಕಟ್ಟಬೇಕಾಯಿತು. 2006ರಲ್ಲಿ ದಾರಿ ತೆರೆಯಿತು. ಮೊದಲು ಇಳಿದದ್ದು ಸರಕಿನ ಗಾಡಿ. ಜನರ ಗಾಡಿ ಹೊರಟದ್ದು 2007ರ ಡಿಸೆಂಬರಿನಲ್ಲಿ.